ಊರಿನ ಅಳತೆ, ಮನೆಯ ಲೆಕ್ಕ

ದೊಡ್ಡ ನಗರವನ್ನು ಬಿಟ್ಟು ಸಣ್ಣ ನಗರದಲ್ಲಿ ನೆಲೆಸುವ ವಿಚಾರವನ್ನು ಬಾಡಿಗೆ, ಸಂಬಳ, ವಾಹನದಟ್ಟಣೆಗಳ ಲೆಕ್ಕವಾಗಿ ನೋಡುವುದು ರೂಢಿ. ಆದರೆ ಆ ಲೆಕ್ಕವನ್ನು ಯಾರು ಬರೆಯುತ್ತಾರೆ, ಖರ್ಚು ಯಾರ ಹೆಸರಿಗೆ ಬೀಳುತ್ತದೆ ಎಂಬುದು ನೀತಿಶಾಸ್ತ್ರದ, ಎಂದರೆ ನಡೆವಳಿಕೆಯ ಸರಿತಪ್ಪುಗಳನ್ನು ವಿಚಾರಿಸುವ ತತ್ತ್ವಶಾಸ್ತ್ರದ ಕವಲಿನ, ಪ್ರಶ್ನೆಯಾಗಿದೆ. ಮುಂದಿನ ಸಂವಾದದಲ್ಲಿ ಧಾರವಾಡದಲ್ಲಿ ತತ್ತ್ವಶಾಸ್ತ್ರ ಬೋಧಿಸಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರೂ ಬೆಂಗಳೂರಿನಲ್ಲಿ ನೆಲೆಸಿರುವ ಅವರ ಹಳೆಯ ಶಿಷ್ಯೆಯೂ ಈ ಪ್ರಶ್ನೆಯನ್ನು ಚರ್ಚಿಸುತ್ತಾರೆ. ಚರ್ಚೆಯ ಅನುಕೂಲಕ್ಕಾಗಿ ಬೆಂಗಳೂರಿನಿಂದ ಧಾರವಾಡಕ್ಕೆ ಹೋಗಲು ಯೋಚಿಸುತ್ತಿರುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಲಾಗಿದೆ. ಗಂಡನದು ಮನೆಯಿಂದಲೇ ಮಾಡಬಹುದಾದ ಸಾಫ್ಟ್‌ವೇರ್ ಕೆಲಸ. ಹೆಂಡತಿಯದು ಜೈವಿಕ ತಂತ್ರಜ್ಞಾನದ ಪ್ರಯೋಗಾಲಯದಲ್ಲಿ ಹಾಜರಿದ್ದೇ ಮಾಡಬೇಕಾದ ಕೆಲಸ. ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಗಂಡನ ತಾಯಿ ಧಾರವಾಡದವರಾಗಿದ್ದು, ಈಗ ಮಗನ ಮನೆಯಲ್ಲಿದ್ದಾರೆ.

ಶಿಷ್ಯೆ: ಸರ್, ಈ ಕುಟುಂಬದ ಮಟ್ಟಿಗೆ ಉತ್ತರ ಸ್ಪಷ್ಟವಾಗಿಯೇ ಇದೆಯಲ್ಲ? ಬೆಂಗಳೂರಿನಲ್ಲಿ ಮನೆ ಹಿಡಿಯಬೇಕಾದರೆ ಎಷ್ಟೋ ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಮೊದಲೇ ಎಣಿಸಿ ಕೊಡಬೇಕು. ದೊಡ್ಡ ಊರು ದುಬಾರಿ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಕೇಂದ್ರ ಸರ್ಕಾರವು ತನ್ನ ನೌಕರರಿಗೆ ಮನೆಬಾಡಿಗೆ ಭತ್ಯೆ ಕೊಡುವಾಗ 50 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನರಿರುವ ನಗರಗಳನ್ನು ಎಕ್ಸ್ ಎಂದೂ, 5ರಿಂದ 50 ಲಕ್ಷದವರೆಗಿನವನ್ನು ವೈ ಎಂದೂ, ಉಳಿದವನ್ನು ಝಡ್ ಎಂದೂ ವಿಂಗಡಿಸಿದ್ದು, 2024ರ ಜನವರಿಯಿಂದ ಈ ಮೂರಕ್ಕೂ ಮೂಲವೇತನದ ಶೇಕಡಾ 30, 20 ಮತ್ತು 10ರಷ್ಟು ಭತ್ಯೆ ನಿಗದಿಯಾಗಿದೆ. ಬೆಂಗಳೂರು ಎಕ್ಸ್, ಹುಬ್ಬಳ್ಳಿ-ಧಾರವಾಡ ವೈ.

ಪ್ರಾಧ್ಯಾಪಕರು: ಹಾಗಾದರೆ ಎರಡು ಊರುಗಳ ಅಂತರ ಮೂಲವೇತನದ ಶೇಕಡಾ 10 ಎಂದು ಬರೆದು ಲೆಕ್ಕ ಮುಗಿಸಿಬಿಡಬಹುದೇ?

ಶಿಷ್ಯೆ: ಇಲ್ಲ, ಸಮಯದ ಮಾತು ಬಾಕಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಅರ್ಧ ಆಯುಷ್ಯ ರಸ್ತೆಯ ಮೇಲೇ ಕಳೆಯುತ್ತದೆ. ಹುಬ್ಬಳ್ಳಿ-ಧಾರವಾಡಗಳ ನಡುವೆಯಾದರೆ 2018ರಿಂದ ಚಿಗರಿ ಬಸ್ಸುಗಳು ತಮ್ಮದೇ ಪ್ರತ್ಯೇಕ ಪಥದಲ್ಲಿ ಓಡುತ್ತಿವೆ.

ಪ್ರಾಧ್ಯಾಪಕರು: ಹಾಗೆ ಉಳಿದ ಸಮಯ ಯಾರದಾಗುತ್ತದೆ?

ಶಿಷ್ಯೆ: ಉಳಿಸಿದವರದೇ, ಸರ್.

ಪ್ರಾಧ್ಯಾಪಕರು: ಅಷ್ಟು ಬೇಗ ಹಾಗೆನ್ನಬೇಡ, ತಂಗೀ. ಸಣ್ಣ ಊರಿನಲ್ಲಿ ಬಿಡುವು ಇರುವವರ ಮೇಲೆ ಹಕ್ಕು ಇರುವವರೂ ಹೆಚ್ಚು. ಸೋದರತ್ತೆಯ ಮೊಮ್ಮಗಳ ಕುಬಸ, ಓಣಿಯವರ ವಾಸ್ತುಶಾಂತಿ, ಹಳೆಯ ಸಹೋದ್ಯೋಗಿಯ ತಂದೆಯ ಮಣ್ಣು, ಇವಕ್ಕೆಲ್ಲ ಹೋಗಲೇಬೇಕು. ಬೆಂಗಳೂರಿನಲ್ಲಿದ್ದಾಗ ದೂರದ ನೆವ ಹೇಳಿ ತಪ್ಪಿಸಿಕೊಂಡವರಿಗೆ ಇಲ್ಲಿ ಯಾವ ನೆವವೂ ಸಿಗದು. ಇದನ್ನು ನಷ್ಟವೆಂದು ಹೇಳುತ್ತಿಲ್ಲ, ಏಕೆಂದರೆ ಇಂದು ಮಣ್ಣಿಗೆ ಬಂದವರೇ ನಾಳೆ ಆಸ್ಪತ್ರೆಯ ಹೊರಗೆ ರಾತ್ರಿಯಿಡೀ ಕುಳಿತಿರುತ್ತಾರೆ. ಹೇಳಬೇಕಾದುದಿಷ್ಟೇ: ರಸ್ತೆಯಿಂದ ಬಿಡುಗಡೆಯಾದ ಗಂಟೆಗಳು ನೇರವಾಗಿ ಕೈಗೆ ಬರುವುದಿಲ್ಲ, ಸಂಬಂಧಗಳ ಖಾತೆಗೆ ಹೋಗುತ್ತವೆ, ಮತ್ತು ಆ ಖಾತೆಯಿಂದ ಹಿಂದಕ್ಕೆ ಪಡೆಯುವ ಸಂದರ್ಭವನ್ನು ಖಾತೆದಾರರು ಆರಿಸಿಕೊಳ್ಳುವಂತಿಲ್ಲ.

ಶಿಷ್ಯೆ: ನಿಜ ಸರ್, ಒಪ್ಪಬೇಕಾದ ಮಾತು. ಆದರೂ ಪರಿಚಯದವರ ನಡುವೆ ಬದುಕುವುದು ಅಪರಿಚಿತರ ನಡುವೆ ಬದುಕುವುದಕ್ಕಿಂತ ಮೇಲಲ್ಲವೇ?

ಪ್ರಾಧ್ಯಾಪಕರು: ಅದು ಪರಿಚಯದಿಂದ ಲಾಭವಾಗುವವರ ಅಭಿಪ್ರಾಯ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಝಿಮ್ಮೆಲ್ 1903ರಲ್ಲಿ ಮಹಾನಗರದ ಮನಸ್ಸಿನ ಬಗ್ಗೆ ಬರೆದ ಪ್ರಬಂಧದಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿದ್ದಾನೆ: ಮಹಾನಗರದಲ್ಲಿರುವವರು ನೂರಾರು ಪ್ರಚೋದನೆಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಒಂದು ಬಗೆಯ ನಿರ್ಲಿಪ್ತತೆಯನ್ನು ಬೆಳೆಸಿಕೊಳ್ಳುತ್ತಾರೆ, ಸಣ್ಣ ಸಮುದಾಯದ ಕಣ್ಗಾವಲಿನಲ್ಲಿ ಸಿಗದ ಸ್ವಾತಂತ್ರ್ಯವನ್ನು ಅವರಿಗೆ ಕೊಡುವುದೂ ಅದೇ ನಿರ್ಲಿಪ್ತತೆ. ಇದನ್ನು ನಮ್ಮ ನೆಲಕ್ಕೆ ತಂದು ನೋಡಬೇಕಾದರೆ ಬಾಡಿಗೆಗೆ ಮನೆ ಕೇಳಲು ಹೋದವರನ್ನು ನೆನೆದರೆ ಸಾಕು. ಮಾಲೀಕರು ನೀರು ಕೊಟ್ಟು, ಕುಳ್ಳಿರಿಸಿ, ಊರು ಯಾವುದು, ಅಡ್ಡಹೆಸರೇನು ಎಂದು ವಿಚಾರಿಸಿ, ಕೊನೆಗೆ ತಗ್ಗಿದ ದನಿಯಲ್ಲಿ ‘ನೀವು ಯಾವ ಪೈಕಿ’ ಎಂದು ಕೇಳುತ್ತಾರೆ. ಉತ್ತರ ಒಗ್ಗದಿದ್ದರೆ ಮನೆಯನ್ನು ಆಗಲೇ ಬೇರೆಯವರಿಗೆ ಮಾತಾಡಿ ಆಗಿದೆ ಎನ್ನುತ್ತಾರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯನ್ನು ಆದರ್ಶವೆಂದು ಹೊಗಳುವವರನ್ನು ಕಟುವಾಗಿ ಟೀಕಿಸಿದ್ದರ ಹಿಂದೆ ಇಂಥ ಅನುಭವಗಳ ಶತಮಾನಗಳೇ ಇದ್ದವು.

ಶಿಷ್ಯೆ: ಆ ಪ್ರಶ್ನೆಯನ್ನು ಬೆಂಗಳೂರಿನಲ್ಲೂ ಕೇಳುತ್ತಾರೆ, ಸರ್. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಫಲಕಗಳು ಅಲ್ಲೇನು ಕಡಿಮೆಯಿಲ್ಲ.

ಪ್ರಾಧ್ಯಾಪಕರು: ಕೇಳುತ್ತಾರೆ. ವ್ಯತ್ಯಾಸವಿರುವುದು ಮನುಷ್ಯರ ಗುಣದಲ್ಲಲ್ಲ, ಬಾಗಿಲುಗಳ ಸಂಖ್ಯೆಯಲ್ಲಿ. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷವನ್ನು ದಾಟಿತ್ತು, ಹುಬ್ಬಳ್ಳಿ-ಧಾರವಾಡದ್ದು ಸುಮಾರು 9.4 ಲಕ್ಷ. ಅಲ್ಲಿ ಇಪ್ಪತ್ತು ಬಾಗಿಲು ಮುಚ್ಚಿದರೂ ಇಪ್ಪತ್ತೊಂದನೆಯದನ್ನು ತಟ್ಟಬಹುದು, ಹಿಂದಿನ ಇಪ್ಪತ್ತರ ಸುದ್ದಿ ಅಲ್ಲಿಗೆ ಮುಟ್ಟಿರುವುದಿಲ್ಲ. ಇಲ್ಲಿ ಐದನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಮೊದಲ ನಾಲ್ಕರ ಸುದ್ದಿ ಮುಂದೆ ಹೋಗಿ ಕುಳಿತಿರುತ್ತದೆ.

ಶಿಷ್ಯೆ: ಹಾಗಿದ್ದರೆ ಇನ್ನೂ ಮೂಲಭೂತವಾದ ಪ್ರಶ್ನೆಯೊಂದಿದೆ. ಊರಿಗೆ ಇಷ್ಟೇ ಇರಬೇಕೆಂಬ ಸರಿಯಾದ ಅಳತೆ ಇದೆಯೇ?

ಪ್ರಾಧ್ಯಾಪಕರು: ಹಳೆಯ ಪ್ರಶ್ನೆ, ಬಿಡಿಸಲು ಹೊರಟರೆ ಹೊತ್ತು ಹೋದದ್ದೇ ತಿಳಿಯದು. ಪ್ಲೇಟೋ ತನ್ನ ಕೊನೆಯ ಕೃತಿ ‘ಲಾಸ್’ನಲ್ಲಿ ಆದರ್ಶ ನಗರಕ್ಕೆ 5,040 ಕುಟುಂಬಗಳನ್ನು ನಿಗದಿಮಾಡಿದ, ಆ ಸಂಖ್ಯೆಯನ್ನು ಒಂದರಿಂದ ಹತ್ತರವರೆಗಿನ ಎಲ್ಲ ಅಂಕಿಗಳಿಂದಲೂ ಶೇಷವಿಲ್ಲದೆ ಭಾಗಿಸಬಹುದಾದ್ದರಿಂದ ಭೂಮಿ, ತೆರಿಗೆ, ಸೈನ್ಯಗಳ ಹಂಚಿಕೆ ಸಲೀಸು ಎಂಬುದು ಅವನ ತರ್ಕ. ಅರಿಸ್ಟಾಟಲ್ ಅಂಕಿಯನ್ನು ಬಿಟ್ಟು ಮಾನದಂಡವನ್ನು ಹೇಳಿದ: ನಗರವು ಸ್ವಾವಲಂಬಿಯಾಗುವಷ್ಟು ದೊಡ್ಡದಿರಬೇಕು, ಆದರೆ ಪ್ರಜೆಗಳು ಒಬ್ಬರ ಸ್ವಭಾವವನ್ನು ಇನ್ನೊಬ್ಬರು ಅರಿತು ಅಧಿಕಾರಿಗಳನ್ನು ಆರಿಸಲು ಆಗದಷ್ಟು ದೊಡ್ಡದಿರಬಾರದು. ನಮ್ಮಲ್ಲಂತೂ ಅಳತೆಯೇ ನಿಂತಿಲ್ಲ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಒಂದೇ ಪಾಲಿಕೆಗೆ ಸೇರಿಸಲಾಯಿತು. 2025ರ ಆರಂಭದಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಅದೇ ವರ್ಷ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಆಡಳಿತಕ್ಕೆ ತಕ್ಕ ಅಳತೆ ಬೇರೆ, ಉದ್ಯೋಗಕ್ಕೆ ತಕ್ಕ ಅಳತೆ ಬೇರೆ, ಸ್ನೇಹಕ್ಕೆ ತಕ್ಕ ಅಳತೆ ಮತ್ತೂ ಬೇರೆ; ಆದ್ದರಿಂದ ಈ ದಾರಿ ಹಿಡಿದರೆ ನಾಲ್ಕು ಜನರ ಆ ಮನೆ ಹಿಂದೆಯೇ ಉಳಿದುಬಿಡುತ್ತದೆ. ಅಲ್ಲಿಗೇ ಮರಳೋಣ. ಆ ಮನೆಗೆ ನೀರು ಎಲ್ಲಿಂದ ಬರುತ್ತದೆ?

ಶಿಷ್ಯೆ: ಬೆಂಗಳೂರಿನಲ್ಲಿ ಕಾವೇರಿಯಿಂದ, ಅದೂ ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದದ್ದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದ ಬಡಾವಣೆಗಳು ಬಹಳ. ಆ ದೃಷ್ಟಿಯಿಂದಲೂ ಸಣ್ಣ ಊರೇ ವಾಸಿ.

ಪ್ರಾಧ್ಯಾಪಕರು: ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ಜಲಾಶಯದಿಂದ ಮತ್ತು ನೀರಸಾಗರದಿಂದ ನೀರು ಬರುತ್ತದೆ. 2008ರ ವೇಳೆಗೆ ವಿಶ್ವಬ್ಯಾಂಕಿನ ನೆರವಿನಿಂದ ಇಲ್ಲಿಯ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಬರುವ ಪ್ರಾಯೋಗಿಕ ವ್ಯವಸ್ಥೆ ಬಂದಾಗ ದೇಶದ ಗಮನವೇ ಇತ್ತ ಹರಿದಿತ್ತು. ಆದರೆ ಉಳಿದ ವಾರ್ಡುಗಳಲ್ಲಿ ಹಲವು ದಿನಗಳಿಗೊಮ್ಮೆ ನೀರು ಬಿಡುವ ಪದ್ಧತಿಯೇ ಬಹುಕಾಲ ಮುಂದುವರಿಯಿತು. ನಳ ಬರುವ ದಿನ ಮನೆಯ ಹೆಣ್ಣುಮಕ್ಕಳು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು, ಸಂಪಿನ ಮುಚ್ಚಳ ತೆಗೆದು, ಪೈಪು ಬಿಟ್ಟು, ಮೊದಲು ಬರುವ ಕೆಂಪು ನೀರನ್ನು ಚರಂಡಿಗೆ ಹರಿಸಿ, ಕುಡಿಯುವ ನೀರಿನ ಕೊಡಗಳನ್ನು ಬೇರೆ ತುಂಬಿ, ಕೊನೆಗೆ ಪಂಪು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿ ಮಲಗುವಷ್ಟರಲ್ಲಿ ಬೆಳಕು ಹರಿದಿರುತ್ತಿತ್ತು. ಒಂದೇ ಊರಿನಲ್ಲಿ, ಒಂದು ರಸ್ತೆ ದಾಟಿದರೆ, ಎರಡು ಬಗೆಯ ಬದುಕು. ಆದುದರಿಂದ ಊರಿಗೆ ಊರನ್ನು ಹೋಲಿಸುವುದಕ್ಕಿಂತ ಓಣಿಗೆ ಓಣಿಯನ್ನು ಹೋಲಿಸುವುದು ಲೇಸು. ಮತ್ತು ಆ ಓಣಿಯ ಮನೆಯೊಳಗೆ ನಡುರಾತ್ರಿ ಏಳುವವರು ಯಾರು ಎಂದು ಕೇಳುವುದು ಇನ್ನೂ ಲೇಸು.

ಶಿಷ್ಯೆ: ಎಂದರೆ ಹೋಲಿಕೆಯ ಘಟಕ ಕುಟುಂಬವೂ ಅಲ್ಲ, ಕುಟುಂಬದ ಒಬ್ಬೊಬ್ಬ ಸದಸ್ಯರು ಎಂದಾಯಿತು.

ಪ್ರಾಧ್ಯಾಪಕರು: ಸರಿಯಾಗಿ ಹಿಡಿದೆ. ನಾಲ್ವರನ್ನೂ ಬೇರೆಬೇರೆಯಾಗಿ ನೋಡು. ಗಂಡನಿಗೆ ಈ ಸ್ಥಳಾಂತರ ಬಹುತೇಕ ಲಾಭವೇ: ಸಂಬಳ ಬೆಂಗಳೂರಿನದು, ಖರ್ಚು ಧಾರವಾಡದ್ದು. ಆದರೆ 2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಮನೆಗೆ ಕಳಿಸಿದ ಕಂಪನಿಗಳಲ್ಲಿ ಎಷ್ಟೋ ಕಂಪನಿಗಳು ಮುಂದೆ ನೌಕರರನ್ನು ಕಚೇರಿಗೆ ಕರೆದವು. ಆದ್ದರಿಂದ ಅವನ ಲಾಭ ಅವನ ಕೈಯಲ್ಲಿಲ್ಲ, ಮತ್ತೊಬ್ಬರ ಆದೇಶದಲ್ಲಿದೆ. ತಾಯಿಗೆ ಇದು ತವರಿಗೆ ಮರಳಿದಂತೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಗುಂಡಿ ಒತ್ತಿ ಕೆಳಗಿಳಿದರೂ ಮಾತಾಡಿಸುವವರಿಲ್ಲದವರಿಗೆ ಇಲ್ಲಿ ಕಟ್ಟೆಯ ಮೇಲೆ ಕುಳಿತರೆ ನಾಲ್ಕು ಜನ ‘ಊಟ ಆತೇನ್ರಿ’ ಎಂದು ಕೇಳುತ್ತಾರೆ. 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ದೊಡ್ಡ ಸರ್ಕಾರಿ ಆಸ್ಪತ್ರೆ ಹುಬ್ಬಳ್ಳಿಯಲ್ಲಿದೆ, ಹಳೆಯ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದಲ್ಲಿಯೇ ಇದೆ. ಆದರೂ ಅಪರೂಪದ ಕಾಯಿಲೆ ಬಂದು ಬೆಂಗಳೂರಿನ ತಜ್ಞರನ್ನೇ ಕಾಣಬೇಕಾದರೆ, 2023ರಿಂದ ಓಡುತ್ತಿರುವ ವಂದೇ ಭಾರತ್ ರೈಲಿನಲ್ಲಿಯೂ ಆರು ಗಂಟೆಗೂ ಮಿಕ್ಕಿದ ಪ್ರಯಾಣ. ಮಗಳಿಗೆ ಎಂಟನೆಯ ತರಗತಿ. ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ವರ್ಷವಿರುವಾಗ ಶಾಲೆ ಬದಲಾದರೆ ಪಾಠ ಸರಿಹೊಂದುತ್ತದೆ, ಗೆಳತಿಯರು ಸರಿಹೊಂದುವುದು ತಡ.

ಇನ್ನು ಹೆಂಡತಿ. ಆರ್ಥಿಕ ಚಿಂತಕ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿಯೇ ಗುರುತಿಸಿದ ಸಂಗತಿಯೊಂದಿದೆ: ಒಂದೇ ಕಸುಬಿನವರೂ ಆ ಕಸುಬಿನ ಮಾಲೀಕರೂ ಒಂದೇ ಕಡೆ ನೆರೆದಾಗ, ಕೆಲಸ ಬಿಟ್ಟವರಿಗೆ ಕೆಲಸವೂ ಕೆಲಸಗಾರರು ಬೇಕಾದವರಿಗೆ ಕೆಲಸಗಾರರೂ ಅಲ್ಲಿಯೇ ಸಿಗುತ್ತಾರೆ. ನೆರವಿಯ ಈ ಲಾಭ ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ದುಡಿಯುವವರಿಗೆ ಕಣ್ಣಿಗೆ ಕಾಣದ ವಿಮೆ. ಧಾರವಾಡದಲ್ಲಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿಯೂ ಇದೆ, ಹೀಗಾಗಿ ಅವಳಿಗೆ ಕೆಲಸ ಸಿಗದೆಂದು ಹೇಳಲಾಗದು. ಆದರೆ ಸಿಕ್ಕ ಒಂದು ಕೆಲಸ ಒಗ್ಗದಿದ್ದರೆ ಎರಡನೆಯದು ಇದೇ ಊರಿನಲ್ಲಿ ಇರುತ್ತದೆಯೇ ಎಂಬುದೇ ಪ್ರಶ್ನೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರ ತನ್ನ ಗ್ರಂಥದಲ್ಲಿ, ಸಮಾಜದ ಅಸಮಾನತೆಗಳು ಅತ್ಯಂತ ಕಡಿಮೆ ಅನುಕೂಲವುಳ್ಳವರಿಗೂ ಒಳಿತು ಮಾಡುವಂತಿದ್ದರೆ ಮಾತ್ರ ನ್ಯಾಯವೆಂದು ವಾದಿಸಿದ. ಅವನು ಹೇಳಿದ್ದು ಸಮಾಜದ ಮೂಲರಚನೆಗೆ, ಅಡುಗೆಮನೆಗಲ್ಲ; ಆದರೂ ಊರು ಬದಲಿಸುವ ಮನೆಗೆ ಅದರಿಂದ ಒಂದು ನಿಯಮವನ್ನು ತೆಗೆಯಬಹುದು. ಆ ನಿರ್ಧಾರವನ್ನು ಅತಿ ಹೆಚ್ಚು ಲಾಭ ಪಡೆಯುವವರ ಕಣ್ಣಿನಿಂದಲೂ ನೋಡಬಾರದು, ನಾಲ್ವರ ಲಾಭನಷ್ಟಗಳನ್ನು ಕೂಡಿ ಕಳೆದು ಉಳಿದ ಮೊತ್ತದಿಂದಲೂ ನೋಡಬಾರದು. ಹೋದ ಮೇಲೆ ಯಾರಿಗೆ ಆಯ್ಕೆಗಳು ಅತಿ ಕಡಿಮೆ ಉಳಿಯುತ್ತವೆಯೋ ಅವರ ಕಣ್ಣಿನಿಂದ ನೋಡಬೇಕು.

ಶಿಷ್ಯೆ: ಈ ನಿಯಮವನ್ನು ಪಾಲಿಸಿದರೆ ಯಾರೂ ಎಲ್ಲಿಗೂ ಹೋಗುವಂತಿಲ್ಲವಲ್ಲ, ಸರ್?

ಪ್ರಾಧ್ಯಾಪಕರು: ಹೋಗುವುದಕ್ಕೆ ಅನ್ವಯಿಸಿದ ನಿಯಮವನ್ನು ಇರುವುದಕ್ಕೂ ಅನ್ವಯಿಸಬೇಕು. ಬೆಂಗಳೂರಿನಲ್ಲಿಯೇ ಉಳಿದರೆ ಆಯ್ಕೆ ಅತಿ ಕಡಿಮೆ ಇರುವುದು ತಾಯಿಗೆ, ಧಾರವಾಡಕ್ಕೆ ಬಂದರೆ ಹೆಂಡತಿಗೆ. ಎರಡು ಕೊರತೆಗಳಲ್ಲಿ ತಿದ್ದಲು ಸಾಧ್ಯವಾದುದು ಯಾವುದು ಎಂದು ಆಮೇಲೆ ಕೇಳಬೇಕು. ಹಿಂದಕ್ಕೆ ಬರುವ ದಾರಿಯನ್ನು ಮುಚ್ಚದಿರುವುದು ತಿದ್ದುವ ಕ್ರಮಗಳಲ್ಲಿ ಮೊದಲನೆಯದು: ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದರೆ ಮಾರದೆ ಬಾಡಿಗೆಗೆ ಕೊಡುವುದು, ಧಾರವಾಡದಲ್ಲಿ ನಿವೇಶನ ಕೊಳ್ಳುವ ಮೊದಲು 11 ತಿಂಗಳ ಕರಾರಿನ ಮೇಲೆ ಬಾಡಿಗೆಗಿದ್ದು ನೋಡುವುದು, ಹೆಂಡತಿ ರಾಜೀನಾಮೆಯ ಬದಲು ವೇತನರಹಿತ ರಜೆ ಕೇಳುವುದು, ಶೈಕ್ಷಣಿಕ ವರ್ಷದ ನಡುವೆ ಟಿ.ಸಿ. ತೆಗೆಯದಿರುವುದು.

ಶಿಷ್ಯೆ: ಸರಿ, ನಿಯಮ ಒಪ್ಪಿಗೆಯಾಯಿತು. ಆಯ್ಕೆ ಕಡಿಮೆಯಾಗುವವರನ್ನೇ ಮೊದಲು ಕೇಳಲಾಯಿತು ಎಂದಿಟ್ಟುಕೊಳ್ಳೋಣ. ಅವಳು ‘ನಿಮ್ಮೆಲ್ಲರಿಗೂ ಒಳ್ಳೆಯದಾಗುವುದಾದರೆ ಹೋಗೋಣ’ ಎಂದುಬಿಟ್ಟರೆ?

ಪ್ರಾಧ್ಯಾಪಕರು: ಅದನ್ನು ಒಪ್ಪಿಗೆಯೆಂದು ಎಣಿಸಲಾಗದು. ಬೇಡವೆನ್ನುವ ಅವಕಾಶ ನಿಜವಾಗಿ ಇದ್ದವರ ಹೌದಿಗೆ ಮಾತ್ರ ಒಪ್ಪಿಗೆಯ ಬೆಲೆ ಬರುತ್ತದೆ.

ಶಿಷ್ಯೆ: ಬೇಡವೆಂದರೆ ಅತ್ತೆಯನ್ನು ಊರಿಗೆ ಮರಳದಂತೆ ತಡೆದವಳೆಂಬ ಮಾತು ಜೀವನವಿಡೀ ಉಳಿಯುತ್ತದೆ, ಸರ್. ಹಾಗಿರುವಾಗ ಬೇಡವೆನ್ನುವ ಅವಕಾಶ ಅವಳಿಗೆ ಯಾವ ಊರಿನಲ್ಲಿದೆ?

ಪ್ರಾಧ್ಯಾಪಕರು: ಇದಕ್ಕೆ ರಾಲ್ಸ್‌ನ ನಿಯಮ ಸಾಲದು. ನಾಲ್ವರೂ ಒಟ್ಟಿಗೆ ಕುಳಿತಾಗ ಕೇಳದೆ, ಒಬ್ಬೊಬ್ಬರನ್ನೂ ಬೇರೆಯಾಗಿ, ಸಾವಕಾಶವಾಗಿ, ಒಂದಕ್ಕಿಂತ ಹೆಚ್ಚು ಸಲ ಕೇಳಬೇಕಾಗುತ್ತದೆ.

ಶಿಷ್ಯೆ: ಮನೆಮಾಲೀಕರಿಗೆ ನೋಟಿಸು ಕೊಡುವ ಗಡುವು ಈ ತಿಂಗಳ ಕೊನೆಗೇ ಮುಗಿಯುತ್ತದೆ, ಸರ್.