ಪೂರ್ವಾಶ್ರಯದ ಪ್ರಶ್ನೆ

ಗುರುಕರುಣೆಯಿಂದ ಲಿಂಗವನ್ನು ಪಡೆದವನ ಪೂರ್ವಾಶ್ರಯವನ್ನು ಕೆದಕಿ ಕೇಳಬಾರದೆಂಬುದು ಶರಣಧರ್ಮದ ಹಳೆಯ ಕಟ್ಟಳೆ. ದೀಕ್ಷೆಗೆ ಮೊದಲು ಅವನು ಯಾವ ಕುಲದವನಾಗಿದ್ದನು, ಯಾವ ಮನೆಯಲ್ಲಿ ಹುಟ್ಟಿದ್ದನು, ಯಾವ ದುರ್ವ್ಯಸನದಲ್ಲಿ ಬಿದ್ದಿದ್ದನು ಎಂಬುದೆಲ್ಲ ಗುರುವಿನ ಹಸ್ತಮಸ್ತಕ ಸಂಯೋಗದೊಡನೆ ತೀರಿಹೋದ ಸಂಗತಿ. ಅವನು ಗುರುವಿನ ಕರದಲ್ಲಿ ಮತ್ತೆ ಹುಟ್ಟಿದವನಾದುದರಿಂದ, ಹಿಂದಿನದನ್ನು ಕೇಳುವವನು ಸತ್ತವನ ಸುದ್ದಿಯನ್ನು ಬದುಕಿರುವವನ ಬಳಿ ವಿಚಾರಿಸಿದಂತಾಗುತ್ತದೆ. ಸಾಮಾನ್ಯವಾಗಿ ಈ ಕಟ್ಟಳೆಯನ್ನು ಜಾತಿಯ ವಿಚಾರಕ್ಕೆ ಮಾತ್ರ ಅನ್ವಯಿಸಿ ಹೇಳುವ ರೂಢಿಯುಂಟು. ಬಸವಣ್ಣನವರ ಕಾಲದಲ್ಲಿ ಎಲ್ಲಕ್ಕಿಂತ ಆಳವಾದ ಗಾಯ ಅದೇ ಆಗಿದ್ದಿತಾದ್ದರಿಂದ ಆ ರೂಢಿ ತಪ್ಪೆನ್ನಲಾಗದು. ಆದರೆ ಮನುಷ್ಯನ ಪೂರ್ವಾಶ್ರಯವು ಕುಲವೊಂದರಿಂದಲೇ ಆದುದಲ್ಲ. ಕುಡಿದ ದಿನಗಳು, ಸೆರೆಮನೆಯ ದಿನಗಳು, ಒಡೆದ ಸಂಸಾರ, ತಂದೆಯೊಡನೆ ಮುರಿದ ಮಾತು, ಇವೂ ಅದರಲ್ಲಿ ಸೇರಿವೆ. ಇವನ್ನು ಕೇಳುವ ಅಧಿಕಾರ ಯಾರಿಗಿದೆ? ಕೇಳಿದಾಗ ಎದ್ದುಹೋಗುವುದು ಅಹಂಕಾರವೋ, ಆತ್ಮರಕ್ಷಣೆಯೋ?

ಈ ಪ್ರಶ್ನೆಗೆ ಒಂದು ಸ್ಪಷ್ಟವಾದ ನಿದರ್ಶನವು ಕಲ್ಯಾಣಕ್ಕೆ ಬಹುದೂರವಾದ ಲಂಡನ್ ನಗರದಲ್ಲಿ ದೊರೆಯುತ್ತದೆ. 2015ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಅಮೇರಿಕದ ಚಿತ್ರನಟರಾದ ರಾಬರ್ಟ್ ಡೌನಿ ಜೂನಿಯರ್ ಅವರು ತಮ್ಮ ಹೊಸ ಚಿತ್ರದ ಪ್ರಚಾರಕ್ಕಾಗಿ ಆ ನಗರಕ್ಕೆ ಬಂದಿದ್ದರು. ಚಾನೆಲ್ ಫೋರ್ ಎಂಬ ಟೆಲಿವಿಷನ್ ಸಂಸ್ಥೆಯ ವಾರ್ತಾವಿಭಾಗದ ಪರವಾಗಿ ಅವರನ್ನು ಸಂದರ್ಶಿಸಿದವರು ಕೃಷ್ಣನ್ ಗುರುಮೂರ್ತಿ. ಭಾರತೀಯ ಮನೆತನದಿಂದ ಬಂದು ಇಂಗ್ಲೆಂಡಿನಲ್ಲಿಯೇ ಹುಟ್ಟಿ ಬೆಳೆದ ಪತ್ರಕರ್ತರು. ಹೆಸರೇನೋ ಮಠದ ಅಂಗಳದಲ್ಲಿ ದಿನವೂ ಕೇಳಿಬರುವಂಥದು. ಮೊದಲು ಚಿತ್ರದ ವಿಚಾರವಾಗಿ ಕೆಲವು ಮಾತುಗಳು ನಡೆದುವು. ಬಳಿಕ ಸಂದರ್ಶಕರು, ಸೆರೆಮನೆಯ ಅನುಭವವು ತಮ್ಮ ರಾಜಕೀಯ ಅಭಿಪ್ರಾಯಗಳನ್ನು ಬದಲಿಸಿದ ಬಗ್ಗೆ ನಟರು ಹಿಂದೊಮ್ಮೆ ಪತ್ರಿಕೆಯೊಂದಕ್ಕೆ ಹೇಳಿದ್ದ ಮಾತನ್ನು ಎತ್ತಿದರು. ಅಲ್ಲಿಂದ ತಂದೆಯೊಡನೆ ಇದ್ದ ಸಂಬಂಧಕ್ಕೆ, ಮಾದಕ ವಸ್ತುಗಳಿಗೆ, ಕುಡಿತಕ್ಕೆ ಪ್ರಶ್ನೆ ಇಳಿಯಿತು. ಡೌನಿಯವರು ಕೂಗಾಡಲಿಲ್ಲ. ಇಲ್ಲಿ ನಡೆಯುತ್ತಿರುವುದಾದರೂ ಏನು ಎಂಬ ಅರ್ಥದ ಒಂದು ಮಾತನ್ನಾಡಿ, ಕುರ್ಚಿಯಿಂದೆದ್ದು ಹೊರಟುಹೋದರು.

ಅವರ ಪೂರ್ವಾಶ್ರಯ ಗುಟ್ಟಿನದೇನೂ ಆಗಿರಲಿಲ್ಲ. ಚಿತ್ರನಿರ್ದೇಶಕರಾದ ತಂದೆಯ ಮನೆಯಲ್ಲಿ, ಹಾಲುಹಲ್ಲು ಬೀಳುವ ವಯಸ್ಸಿಗೇ ಆ ಹುಡುಗನಿಗೆ ಮಾದಕ ವಸ್ತುವಿನ ಪರಿಚಯವಾಗಿತ್ತು. 1996ರಲ್ಲಿ ಹೆರಾಯಿನ್, ಕೊಕೇನ್‌ಗಳೊಡನೆ ಅವರು ಪೋಲೀಸರ ಕೈಗೆ ಸಿಕ್ಕಿದರು. ನ್ಯಾಯಾಲಯದ ಷರತ್ತುಗಳನ್ನು ಮತ್ತೆ ಮತ್ತೆ ಮುರಿದುದರಿಂದ 1999ರಲ್ಲಿ ಮೂರು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಸುಮಾರು ಒಂದು ವರ್ಷವನ್ನು ಕ್ಯಾಲಿಫೋರ್ನಿಯಾದ ಸೆರೆಮನೆಯಲ್ಲಿ ಕಳೆದರು. ಹೊರಬಂದ ಕೆಲವೇ ತಿಂಗಳಲ್ಲಿ ಮತ್ತೆ ಬಿದ್ದರು. 2003ರಿಂದೀಚೆಗೆ ಆ ಚಟವನ್ನು ತೊರೆದು ನಿಂತರು. 2008ರ ‘ಐರನ್ ಮ್ಯಾನ್’ ಚಿತ್ರವು ಅವರನ್ನು ಮತ್ತೆ ಲೋಕದ ಕಣ್ಣಿಗೆ ಎತ್ತಿ ತೋರಿಸಿತು. ಮುಂದೆ, ಲಂಡನ್ನಿನ ಆ ಸಂದರ್ಶನವಾದ ಎಂಟು ತಿಂಗಳಿಗೆ, 2015ರ ಡಿಸೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ರಾಜ್ಯಪಾಲರು ಅವರಿಗೆ ಪೂರ್ಣ ಕ್ಷಮಾದಾನ ಮಾಡಿದರು. ಆ ಕ್ಷಮಾದಾನದ ಸ್ವರೂಪವನ್ನು ಗಮನಿಸಬೇಕು. ಶಿಕ್ಷೆಯಾದ ದಾಖಲೆಯನ್ನು ಅದು ಅಳಿಸುವುದಿಲ್ಲ. ಆ ಮನುಷ್ಯನು ಬಳಿಕ ಸನ್ಮಾರ್ಗದಲ್ಲಿ ನಡೆದಿದ್ದಾನೆಂಬುದನ್ನು ಸರ್ಕಾರವು ಒಪ್ಪಿಕೊಂಡು, ಕಳೆದುಹೋದ ಹಕ್ಕುಗಳನ್ನು ಹಿಂದಿರುಗಿಸುತ್ತದೆ. ಗುರುವಿನ ಕ್ಷಮೆಯು ಇದಕ್ಕಿಂತ ಮುಂದೆ ಹೋಗುತ್ತದೆ. ಅಲ್ಲಿ ದಾಖಲೆಯೇ ಇಲ್ಲ.

ಸಂದರ್ಶಕರ ಪಕ್ಷವನ್ನೂ ಕೇಳಬೇಕಾದದ್ದು ನ್ಯಾಯ. ಗುರುಮೂರ್ತಿಯವರು ಬಳಿಕ ಪತ್ರಿಕೆಯೊಂದರಲ್ಲಿ ತಮ್ಮ ಸಮರ್ಥನೆಯನ್ನು ಬರೆದರು. ವಾರ್ತಾಸಂಸ್ಥೆಯು ಚಿತ್ರಗಳಿಗೆ ಡಂಗುರ ಹೊಡೆಯುವ ಸ್ಥಳವಲ್ಲ, ಗಂಭೀರವಾದ ಪ್ರಶ್ನೆಗಳೂ ಅಲ್ಲಿ ಬರುತ್ತವೆ ಎಂಬುದು ಅದರ ಸಾರ. ಇದರಲ್ಲಿ ಹುರುಳಿಲ್ಲವೆನ್ನಲಾಗದು. ನಟನು ಬರುವುದು ತನ್ನ ಸರಕನ್ನು ಮಾರುವುದಕ್ಕೆ. ಹೊಗಳಿಕೆಗೆ ಮಾತ್ರ ಕುಳಿತು ವಿಚಾರಣೆಗೆ ಏಳುವವನು ಸಭೆಯನ್ನು ತನ್ನ ಅಂಗಡಿಯೆಂದು ತಿಳಿದವನೇ ಸರಿ. ಅದಕ್ಕಿಂತ ಬಲವಾದ ವಾದ ಇನ್ನೊಂದಿದೆ. ಕೇಳಿದ್ದು ಕದ್ದು ತಂದ ಗುಟ್ಟನ್ನಲ್ಲ, ಆತನೇ ಹಿಂದೆ ಬಹಿರಂಗವಾಗಿ ಆಡಿದ ಮಾತನ್ನು. ತಾನೇ ಬಾಗಿಲು ತೆರೆದವನು ಒಳಗೆ ಬಂದವನನ್ನು ಕಳ್ಳನೆನ್ನಬಹುದೇ?

ಈ ವಾದವು ವಚನಕಾರರನ್ನೂ ಮುಟ್ಟುತ್ತದೆಂಬುದೇ ವಿಶೇಷ. ತಮ್ಮ ಮನಸ್ಸಿನ ಕಪಟವನ್ನು, ಚಾಂಚಲ್ಯವನ್ನು, ಭಕ್ತಿಯ ಟೊಳ್ಳನ್ನು ಬಸವಣ್ಣನವರು ಹೇಳಿಕೊಂಡಷ್ಟು ನಿಷ್ಠುರವಾಗಿ ಅವರ ಶತ್ರುಗಳೂ ಹೇಳಲಿಲ್ಲ. ಎಂಟುನೂರು ವರ್ಷಗಳಿಂದ ಆ ಮಾತುಗಳನ್ನು ಜನ ಓದುತ್ತಿದ್ದಾರೆ, ಹಾಡುತ್ತಿದ್ದಾರೆ. ಹಾಗೆಂದ ಮಾತ್ರಕ್ಕೆ ಕಲ್ಯಾಣದ ಸಂತೆಯಲ್ಲಿ ಯಾವನಾದರೊಬ್ಬನು ಅವರನ್ನು ತಡೆದು, ‘ನಿಮ್ಮ ಮನಸ್ಸು ಕಪಟವೆಂದು ನೀವೇ ಹೇಳಿದಿರಲ್ಲವೇ, ವಿವರಿಸಿ’ ಎಂದು ಕೇಳಿದ್ದರೆ ಅದು ಅನುಭಾವವಾಗುತ್ತಿತ್ತೇ? ಆ ಮಾತುಗಳು ಕೂಡಲಸಂಗಮದೇವನನ್ನು ಮುಂದಿಟ್ಟುಕೊಂಡು ಆಡಿದವು. ಕೇಳಿಸಿಕೊಳ್ಳುವ ಭಾಗ್ಯ ಇತರರಿಗುಂಟು. ಅವುಗಳಿಂದ ಸಾಲಪತ್ರ ಬರೆಸಿಕೊಳ್ಳುವ ಅಧಿಕಾರ ಇಲ್ಲ. ಒಂದು ಕಾಲದಲ್ಲಿ, ಒಬ್ಬರ ಮುಂದೆ, ತನ್ನ ಮನಸ್ಸು ಹದವಾಗಿದ್ದಾಗ ಹೇಳಿಕೊಂಡವನು, ಮುಂದೆ ಕೇಳಿದವರಿಗೆಲ್ಲ ಕೇಳಿದಾಗಲೆಲ್ಲ ಉತ್ತರ ಕೊಡುವೆನೆಂದು ಮಾತು ಕೊಟ್ಟವನಲ್ಲ.

ಡೌನಿಯವರ ಮುಂದಿನ ಬಾಳು ಇದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಅವರ ತಂದೆ 2021ರ ಜುಲೈ ತಿಂಗಳಿನಲ್ಲಿ ತೀರಿಕೊಂಡರು. ಆ ತಂದೆಯನ್ನು ಕುರಿತ ಸಾಕ್ಷ್ಯಚಿತ್ರವೊಂದು 2022ರಲ್ಲಿ ಹೊರಬಂದಿತು. ಅದರಲ್ಲಿ ಮಗನೇ ತಂದೆಯೆದುರು ಕುಳಿತು, ಲಂಡನ್ನಿನಲ್ಲಿ ಯಾವುದನ್ನು ಕೇಳಿದಾಗ ಎದ್ದುಹೋದರೋ ಅದೇ ವಿಷಯವನ್ನು ಮಾತನಾಡಿದ್ದಾರೆ. 2024ರ ಮಾರ್ಚಿಯಲ್ಲಿ ‘ಓಪನ್‌ಹೈಮರ್’ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿಯನ್ನು ಸ್ವೀಕರಿಸುವಾಗ, ತಮ್ಮ ಘೋರವಾದ ಬಾಲ್ಯಕ್ಕೆ ಮೊದಲು, ಪ್ರಶಸ್ತಿ ಕೊಟ್ಟ ಸಂಸ್ಥೆಗೆ ಆಮೇಲೆ ವಂದನೆ ಸಲ್ಲಿಸಿದರು. ಸಭೆ ನಕ್ಕಿತು. ಹಾಗಾದರೆ 2015ರಲ್ಲಿ ಅವರು ಮುಚ್ಚಿಟ್ಟದ್ದು ಸಂಗತಿಯನ್ನಲ್ಲ. ಆ ಸಂಗತಿಯನ್ನು ಎಂದು, ಎಲ್ಲಿ, ಯಾರೆದುರು ಬಿಚ್ಚಬೇಕೆಂಬ ನಿರ್ಣಯವನ್ನು ಅವರು ಬೇರೊಬ್ಬರ ಕೈಗೆ ಕೊಡಲಿಲ್ಲ, ಅಷ್ಟೆ. ಇತ್ತ ಸಂಸ್ಥೆಯವರಿಗೂ ನಷ್ಟವಾಗಲಿಲ್ಲವೆಂಬುದನ್ನು ಹೇಳಬೇಕು. ಅವರು ಎದ್ದುಹೋದ ದೃಶ್ಯವನ್ನೇ ಪ್ರಸಾರ ಮಾಡಿದರು. ಲಕ್ಷಾಂತರ ಜನ ಅದನ್ನು ನೋಡಿದರು. ಉತ್ತರ ಸಿಗದಿದ್ದರೂ ಗಾಯ ಸಿಕ್ಕಿತು, ಅದೇ ಮಾರಾಟವಾಯಿತು.

ಇಷ್ಟು ಹೇಳಿದ ಮೇಲೆ ಅನುಭವಮಂಟಪದ ಕಡೆಗೆ ತಿರುಗದೆ ವಿಧಿಯಿಲ್ಲ. ಅಲ್ಲಿ ಮಹಾದೇವಿಯಕ್ಕನವರಿಗೆ ಪ್ರಭುದೇವರು ಹಾಕಿದ ಪ್ರಶ್ನೆಗಳನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲರೂ ಬಲ್ಲರು. ನಿನ್ನ ಪತಿ ಯಾರೆಂಬುದು ಒಂದು. ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಸಿಕೊಂಡಿರುವುದೇಕೆಂಬುದು ಮತ್ತೊಂದು. ತುಂಬಿದ ಸಭೆಯಲ್ಲಿ, ಕೌಶಿಕನ ಅರಮನೆಯನ್ನು ತೊರೆದು ನಡೆದುಬಂದ ಎಳೆಯ ವಯಸ್ಸಿನ ಹೆಣ್ಣುಮಗಳಿಗೆ ಹಾಕಿದ ಪ್ರಶ್ನೆಗಳಿವು. ಲಂಡನ್ನಿನ ಸಂದರ್ಶಕರ ಪ್ರಶ್ನೆಗಳು ಇವುಗಳ ಮುಂದೆ ಬಹಳ ಮೃದುವೆಂದೇ ಹೇಳಬೇಕಾಗುತ್ತದೆ. ಪ್ರಭುದೇವರು ಕೇಳಿದರೆಂದು ಅದು ನೋಯಿಸಲಿಲ್ಲವೆನ್ನುವುದು ಭಕ್ತಿಯ ಅತಿಶಯ. ಅಕ್ಕನವರ ಉತ್ತರಗಳಲ್ಲಿ ಆ ನೋವಿನ ಬಿಸಿಯಿದೆ. ಆದರೂ ಅವರು ಎದ್ದುಹೋಗಲಿಲ್ಲ. ಕೂದಲ ಮರೆ ತನಗಾಗಿಯಲ್ಲ, ನೋಡುವವರ ಮನಸ್ಸು ಕದಡದಿರಲೆಂದು ಎಂಬ ಭಾವದ ಉತ್ತರವಿತ್ತರು.

ವ್ಯತ್ಯಾಸವೆಲ್ಲಿದೆ? ಕೇಳಿದವರ ಘನತೆಯಲ್ಲಿದೆ ಎಂದರೆ ಸಾಲದು. ಘನವಂತರೂ ಅಸಭ್ಯವಾಗಿ ಕೇಳಬಲ್ಲರು. ಅಕ್ಕನವರು ಆ ಸಭೆಗೆ ತಾವಾಗಿಯೇ ಬಂದದ್ದು ಅದೇ ವಿಷಯವನ್ನು ಒರೆಗೆ ಹಚ್ಚುವುದಕ್ಕೆ. ಅಲ್ಲಿ ಕುಳಿತವರಲ್ಲಿ ನೋಟಕರಿರಲಿಲ್ಲ. ಪ್ರತಿಯೊಬ್ಬರೂ ಅಂಥ ಪ್ರಶ್ನೆಯನ್ನು ಒಮ್ಮೆ ಎದುರಿಸಿದವರು, ಮತ್ತೆ ಎದುರಿಸಲು ಸಿದ್ಧರಾದವರು. ಕೇಳಿದ ಪ್ರಭುದೇವರು ಉತ್ತರವನ್ನು ಪಡೆದು ಕೈತೊಳೆದುಕೊಳ್ಳಲಿಲ್ಲ. ಶ್ರೀಶೈಲದ ಕದಳಿಯ ಹಾದಿ ಹಿಡಿಯುವವರೆಗೂ ಆ ಸಭೆಯು ಅಕ್ಕನವರಿಗೆ ತವರಾಯಿತು. ಕೇಳುವವನು ಕೇಳಿದ ಮೇಲೆ ಉತ್ತರದ ಭಾರವನ್ನು ತಾನೂ ಒಂದಿಷ್ಟು ಹೊರುವನೇ ಎಂಬುದರ ಮೇಲೆ ಪ್ರಶ್ನೆಯ ಶೀಲ ನಿಂತಿದೆ. ಮರುದಿನ ಬೇರೊಬ್ಬ ನಟ, ಬೇರೊಂದು ಕುರ್ಚಿ ಎಂಬ ವೃತ್ತಿಯಲ್ಲಿ ಆ ಹೊಣೆ ಹೇಗೆ ಸಾಧ್ಯ?

ಎದ್ದುಹೋಗಬಾರದ ಪ್ರಶ್ನೆಗಳೂ ಉಂಟೆಂಬುದನ್ನು ಮರೆಯುವಂತಿಲ್ಲ. ಬಿಜ್ಜಳನ ಭಂಡಾರದ ಹಣವನ್ನು ಜಂಗಮದಾಸೋಹಕ್ಕೆ ವೆಚ್ಚ ಮಾಡಿದರೆಂಬ ದೂರು ಬಂದಾಗ ಬಸವಣ್ಣನವರು ಅದು ತಮ್ಮ ಸ್ವಂತ ವಿಚಾರವೆನ್ನಲಿಲ್ಲ. ಭಂಡಾರವನ್ನು ಎಣಿಸಿ ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ಪರರ ಹಣ, ಪರರ ಅಧಿಕಾರ ಕೈಯಲ್ಲಿದ್ದವನು ಅದರ ಲೆಕ್ಕ ಕೇಳಿದಾಗ ಮುಖ ತಿರುಗಿಸಿ ಹೊರಟರೆ ಅದು ಪಲಾಯನ. ಮಂತ್ರಿಗಳು ಇಂಥ ಪ್ರಶ್ನೆಯನ್ನೂ ‘ವೈಯಕ್ತಿಕ’ವೆಂದು ಕರೆದು ಎದ್ದುಹೋಗುವುದನ್ನು ಕಲಿತಿರುವುದು ಈ ಕಾಲದ ದುರ್ದೈವ.

ಇನ್ನು ಕೆಲವರಿಗೆ ಏಳುವ ಸ್ವಾತಂತ್ರ್ಯವೇ ಇರುವುದಿಲ್ಲ. ಜಪಾನಿನ ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ ಅವರು 2021ರ ಮೇ ತಿಂಗಳಿನಲ್ಲಿ, ಮನಸ್ಸಿನ ಆರೋಗ್ಯಕ್ಕಾಗಿ ಫ್ರೆಂಚ್ ಪಂದ್ಯಾವಳಿಯ ಪತ್ರಿಕಾಗೋಷ್ಠಿಗಳಲ್ಲಿ ಕುಳಿತುಕೊಳ್ಳುವುದಿಲ್ಲವೆಂದರು. ಮೊದಲ ಪಂದ್ಯವನ್ನು ಗೆದ್ದ ದಿನವೇ 15,000 ಡಾಲರುಗಳ ದಂಡ ಬಿದ್ದಿತು. ಹಟ ಹಿಡಿದರೆ ಹೊರಹಾಕಬೇಕಾದೀತೆಂಬ ಎಚ್ಚರಿಕೆಯೂ ಬಂದಿತು. ಮರುದಿನ ಅವರು ಪಂದ್ಯಾವಳಿಯನ್ನೇ ಬಿಟ್ಟು, 2018ರಿಂದ ತಾವು ಖಿನ್ನತೆಯಿಂದ ನರಳುತ್ತಿರುವುದನ್ನು ಬರೆದು ತಿಳಿಸಬೇಕಾಯಿತು. ಮೌನದ ಹಕ್ಕನ್ನು ಪಡೆಯುವುದಕ್ಕೆ ಗುಟ್ಟನ್ನೇ ಬೆಲೆಯಾಗಿ ತೆತ್ತಂತಾಯಿತು.

ಅವರಿಗೆ ಹಣವಾದರೂ ಇತ್ತು, ಹೆಸರಾದರೂ ಇತ್ತು. ಜಾತ್ರೆಗೋ ಲಗ್ನಕ್ಕೋ ಬಂಧುಗಳು ಕೂಡಿದ ಮನೆಯಲ್ಲಿ, ಗಂಡನ ಮನೆಯಿಂದ ತಿರುಗಿ ಬಂದ ಮಗಳೊಬ್ಬಳು ಪಂಕ್ತಿಯಲ್ಲಿ ಕುಳಿತಿರುತ್ತಾಳೆ. ಎದುರು ಸಾಲಿನಿಂದ ದೂರದ ನಂಟರೊಬ್ಬರು, ‘ಏನವ್ವ, ಇನ್ನೂ ಇಲ್ಲೇ ಇದ್ದೀಯಾ? ಏನಾಯಿತು ನಿಮ್ಮಿಬ್ಬರ ನಡುವೆ?’ ಎಂದು ನಾಲ್ಕು ಜನ ಕೇಳುವಂತೆ ಕೇಳುತ್ತಾರೆ. ಕೈಗಳು ನಿಲ್ಲುತ್ತವೆ, ಕಿವಿಗಳು ನಿಮಿರುತ್ತವೆ. ಅವಳು ನಟರಂತೆ ಎದ್ದುಹೋಗಲಾರಳು. ಮುಂದೆ ಪ್ರಸಾದವಿದೆ; ಅದನ್ನು ಬಿಟ್ಟು ಏಳಬಾರದೆಂದು ಚಿಕ್ಕಂದಿನಿಂದ ಕಲಿತವಳು. ಎದ್ದರೆ ಹಟಮಾರಿ, ಹೇಳಿದರೆ ನಾಳೆ ಊರಿಗೆಲ್ಲ ಸುದ್ದಿ, ಸುಮ್ಮನಿದ್ದರೆ ತಪ್ಪು ಇವಳದೇ. ಕೇಳಿದವರು ಬೆಳಗ್ಗೆ ತಾನೇ ಲಿಂಗಪೂಜೆ ಮುಗಿಸಿ ವಿಭೂತಿ ಧರಿಸಿದವರು. ಪೂರ್ವಾಶ್ರಯದ ಕಟ್ಟಳೆಯನ್ನು ಬಲ್ಲವರು. ಯಾರ ಜಾತಿಯನ್ನೂ ಕೇಳದವರು. ತಾವು ಕೇಳಿದ್ದು ಅದೇ ಜಾತಿಯ ಪ್ರಶ್ನೆಯೆಂದು ಅವರಿಗೆ ಹೊಳೆದಿರುವುದಿಲ್ಲ.

ಅಂಥ ಹೊತ್ತಿನಲ್ಲಿ ಕೆಲವು ಮನೆಗಳಲ್ಲಿ ಬಡಿಸುತ್ತಿರುವ ಹಿರಿಯ ಹೆಣ್ಣುಮಗಳು ಬಂದು, ಕೇಳಿದವರಿಗೂ ಅವಳಿಗೂ ನಡುವೆ ನಿಲ್ಲುತ್ತಾಳೆ. ‘ಮಜ್ಜಿಗೆ ಹಾಕಲೇನು ತಂಗಿ?’ ಎಂದು ಅವಳನ್ನು ಕೇಳಿ, ಉತ್ತರ ಬರುವವರೆಗೆ ಅಲ್ಲಿಯೇ ನಿಂತಿರುತ್ತಾಳೆ.