ಹುಟ್ಟಿನಿಂದ ಬಂದ ಹಕ್ಕು

(ಅಪೊಸ್ತಲರ ಕೃತ್ಯಗಳು 22ನೇ ಅಧ್ಯಾಯದ 22ರಿಂದ 29ರ ವರೆಗಿನ ವಚನಗಳನ್ನು ಮೊದಲು ಓದಿಕೊಳ್ಳಿರಿ.)



ಯೆರೂಸಲೇಮಿನ ಕೋಟೆಯೊಳಗೆ ಪೌಲನನ್ನು ಬಾರುಗಳಿಂದ ಬಿಗಿದಿದ್ದರು. ಹೊರಗೆ ಜನರು ಕೂಗಾಡಿ ಧೂಳೆಬ್ಬಿಸುತ್ತಿದ್ದರು. ಈತನ ಅಪರಾಧವೇನೆಂಬದು ಸಹಸ್ರಾಧಿಪತಿಗೆ ತಿಳಿಯದ ಕಾರಣ, ಕೊರಡೆಯಿಂದ ಹೊಡಿಸಿ ಬಾಯಿಬಿಡಿಸಬೇಕೆಂದು ಅಪ್ಪಣೆಯಾಗಿತ್ತು. ಆಗ ಅಪೊಸ್ತಲನು ಹತ್ತಿರದ ಶತಾಧಿಪತಿಯನ್ನು ಒಂದೇ ಪ್ರಶ್ನೆ ಕೇಳಿದನು. ವಿಚಾರಣೆಗೆ ಮೊದಲೇ ರೋಮಾಪುರದ ಪ್ರಜೆಯ ಮೇಲೆ ಕೈಮಾಡಲು ಕಾಯಿದೆಯಲ್ಲಿ ಎಡೆಯುಂಟೋ ಎಂಬದೇ ಆ ಪ್ರಶ್ನೆ. ಕೊರಡೆ ಹಿಡಿದವರು ಹಿಂದೆ ಸರಿದರು. ಕಟ್ಟಿಸಿದ ಅಧಿಕಾರಿಯೇ ಹೆದರಿದನು.

ಆ ಅಧಿಕಾರಿಯು ತಾನು ಬಹಳ ಹಣ ತೆತ್ತು ಆ ಹಕ್ಕನ್ನು ಪಡೆದವನೆಂದು ಹೇಳಿಕೊಂಡನು. ಪೌಲನಾದರೋ ಅದರೊಳಗೇ ಹುಟ್ಟಿದವನು. ರೋಮಾಯರ ಕಾಯಿದೆಯಲ್ಲಿ ಈ ಹಕ್ಕಿಗೆ ಹಲವು ಬಾಗಲುಗಳಿದ್ದವು. ಹಕ್ಕುಳ್ಳ ತಂದೆತಾಯಿಗಳಿಗೆ ಹುಟ್ಟಿದವನಿಗೆ ಅದು ದೊರಕುತ್ತಿತ್ತು. ಪ್ರಜೆಯಾದ ಧಣಿಯು ಕ್ರಮವಾಗಿ ಬಿಡುಗಡೆಮಾಡಿದ ದಾಸನಿಗೆ ದೊರಕುತ್ತಿತ್ತು. ಸಹಾಯಕ ದಂಡಿನಲ್ಲಿ 25 ವರುಷ ಸೇವೆಮಾಡಿದ ಪರದೇಶದ ಸಿಪಾಯಿಗೂ ದೊರಕುತ್ತಿತ್ತು. ಕಡೆಗೆ ಕ್ರಿ. ಶ. 212ರಲ್ಲಿ ಕರಕಲ್ಲನೆಂಬ ಚಕ್ರವರ್ತಿಯು ಸಾಮ್ರಾಜ್ಯದ ಸ್ವತಂತ್ರರಾದ ಬಹುಮಟ್ಟಿಗೆ ಎಲ್ಲರಿಗೂ ಅದನ್ನು ಕೊಟ್ಟನು. ನಮ್ಮ ಗಮನಕ್ಕೆ ಬರಬೇಕಾದದ್ದು ಬೇರೆಯದು. ಪೌಲನು ಯೇಸುವಿನ ಶಿಷ್ಯನಾಗಿ ಎಷ್ಟೋ ವರುಷಗಳಾಗಿದ್ದವು. ಆದರೂ ಶಿಷ್ಯನಾದದ್ದರಿಂದ ನಿನ್ನ ಹಕ್ಕು ಹೋಯಿತೆಂದು ಆ ಅಧಿಕಾರಿಯು ಹೇಳಲಿಲ್ಲ.

ಇದನ್ನು ನಾವು ಯಾಕೆ ಬರೆಯುತ್ತೇವೆ? ಸಂತೆಯಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ನಮ್ಮವರು ಒಂದು ಮಾತನ್ನು ಕೇಳುತ್ತಾರೆ. ನಿಮ್ಮದು ಪರದೇಶದ ಮತ, ನೀವು ಈ ದೇಶದವರಲ್ಲ ಎಂಬದೇ ಆ ಮಾತು. ಹೊಸದಾಗಿ ದೀಕ್ಷಾಸ್ನಾನ ಹೊಂದಿದವರು ಇದನ್ನು ಕೇಳಿ ತಲೆತಗ್ಗಿಸುವದುಂಟು. ಕೆಲವರು ನಿಜವಾಗಿಯೂ ಏನೋ ಕಳಕೊಂಡೆವೆಂದು ನಂಬುತ್ತಾರೆ. ಆದದರಿಂದ ಕಾಯಿದೆಯು ಹೇಳುವದನ್ನೇ ತಿಳಿಯಿರಿ.

ನಮ್ಮ ರಾಜ್ಯಾಂಗದಲ್ಲಿ ಪೌರತ್ವದ ಮಾತು 5ರಿಂದ 11ರ ವರೆಗಿನ ವಿಧಿಗಳಲ್ಲಿ ಇದೆ. ಇವುಗಳಲ್ಲಿ 5ರಿಂದ 9ರ ವರೆಗಿನವು, ಉಳಿದ ಹೆಚ್ಚಿನ ವಿಧಿಗಳಿಗಿಂತ ಮುಂಚೆ, 1949ನೇ ನವೆಂಬರ್ 26ರಂದೇ ಜಾರಿಗೆ ಬಂದವು. ದೇಶದಲ್ಲಿ ನೆಲೆಯುಳ್ಳವನಾಗಿ, ಇಲ್ಲಿ ಹುಟ್ಟಿದವನು, ಅಥವಾ ತಂದೆತಾಯಿಗಳಲ್ಲಿ ಒಬ್ಬರಾದರೂ ಇಲ್ಲಿ ಹುಟ್ಟಿದವರಾಗಿದ್ದವನು, ಅಥವಾ ಹಿಂದಿನ ಐದು ವರುಷವಾದರೂ ಇಲ್ಲಿ ವಾಸಮಾಡಿದವನು ಪ್ರಜೆಯೆಂದು 5ನೇ ವಿಧಿಯು ಹೇಳಿತು. ಯಾವ ಗುಡಿಗೆ ಹೋಗುತ್ತೀ ಎಂದು ಅದು ಕೇಳಲಿಲ್ಲ. ತರುವಾಯ 1955ನೇ ಪೌರತ್ವದ ಕಾಯಿದೆ ಬಂತು. ಅದರ ಈಗಿನ ರೂಪದಂತೆ, 1950ನೇ ಜನವರಿ 26ರಿಂದ 1987ನೇ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆ ದಿನದಿಂದ 2004ನೇ ದಶಂಬರ್ 3ಕ್ಕೆ ಮುಂಚೆ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಅಂದಿನಿಂದ ಹುಟ್ಟಿದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೆ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಬಾಗಲು ಇಕ್ಕಟ್ಟಾಗುತ್ತಾ ಬಂದಿರುವದು ನಿಜ. ಆದರೆ ಈ ಮೂರು ಕಾಲದ ನಿಯಮಗಳಲ್ಲಿಯೂ ಮತದ ಹೆಸರಿಲ್ಲ. 2019ರ ತಿದ್ದುಪಡಿಯಲ್ಲಿ ಮತಗಳ ಹೆಸರು, ಕ್ರೈಸ್ತರದೂ ಕೂಡ, ಬಂತಲ್ಲಾ ಎನ್ನುವಿರಿ. ಅದು ಅಫಘಾನಿಸ್ಥಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ನೇ ದಶಂಬರ್ 31ರೊಳಗೆ ಬಂದವರ ಮಾತು. ಇಲ್ಲಿಯೇ ಹುಟ್ಟಿ ಬೆಳೆದ ನಮಗೆ ಅದರಿಂದ ಹಿಗ್ಗಲು ಕಾರಣವಿಲ್ಲ.

ಇದೇ ಕಾಯಿದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಇನ್ನೊಂದು ದೇಶದ ಪ್ರಜೆಯಾದವನು ಭಾರತದ ಪ್ರಜೆಯಾಗಿ ಉಳಿಯುವದಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಪೌಲನು ನಮಗೆ ಪರಲೋಕದ ಪೌರತ್ವವನ್ನು ಹೇಳುತ್ತಾನೆ. ಆದರೆ ಅದು 9ನೇ ಕಲಮು ಹೇಳುವ ಇನ್ನೊಂದು ದೇಶವಲ್ಲ. ಆ ಪತ್ರಿಕೆಯನ್ನು ಓದಿದ ಫಿಲಿಪ್ಪಿಯು ರೋಮಾಯರು ನೆಲೆಗೊಳಿಸಿದ ಪಟ್ಟಣವಾಗಿತ್ತು. ಅಲ್ಲಿಯೇ ಪೌಲನೂ ಸೀಲನೂ ವಿಚಾರಣೆಯಿಲ್ಲದೆ ಹೊಡಿಸಿಕೊಂಡರು. ಮರುದಿನ ಗುಟ್ಟಾಗಿ ಹೋಗಿಬಿಡಿರೆಂದು ಹೇಳಿಕಳುಹಿಸಿದಾಗ, ಅಧಿಕಾರಿಗಳೇ ಬಂದು ಹೊರಗೆ ಕರಕೊಂಡುಹೋಗಲಿ ಎಂದು ಪೌಲನು ಕೂತುಬಿಟ್ಟನು. ಪರಲೋಕವನ್ನು ನಂಬಿದವನು ಭೂಲೋಕದ ಹಕ್ಕನ್ನು ಕೇಳಬಾರದೆಂದು ಬೋಧಿಸುವವರು ಈ ಸಂಗತಿಯನ್ನು ಏನು ಮಾಡುತ್ತಾರೋ ನಾವರಿಯೆವು.

ಇಲ್ಲಿ ಒಂದು ನೋವಿನ ಮಾತನ್ನು ಮರೆಮಾಡಲಾರೆವು. ಪೌರತ್ವವು ಹೋಗದಿದ್ದರೆ, ದೀಕ್ಷಾಸ್ನಾನದ ಮೇಲೆ ನಮ್ಮ ಪರಿಶಿಷ್ಟ ಜಾತಿಯ ಪತ್ರವು ಹೇಗೆ ಹೋಯಿತು ಎಂದು ನಮ್ಮ ಜನರು ಕೇಳುತ್ತಾರೆ. ಅದು ಬೇರೆ ಆಜ್ಞೆಯಿಂದ ಬಂದದ್ದು. 1950ರ ಆ ಆಜ್ಞೆಯು ಹಿಂದೂಗಳಿಗೂ, 1956ರಿಂದ ಸಿಖ್ಖರಿಗೂ, 1990ರಿಂದ ಬೌದ್ಧರಿಗೂ ಆ ಸ್ಥಾನವನ್ನು ಕೊಟ್ಟಿದೆ, ಕ್ರೈಸ್ತರಿಗೆ ಕೊಟ್ಟಿಲ್ಲ. ಮತಾಂತರದಿಂದ ಅಂಥವರ ಮನೆಯ ಬಡತನ ಹೋಗಲಿಲ್ಲ, ಊರಿನ ತಿರಸ್ಕಾರವೂ ಹೋಗಲಿಲ್ಲ. ಆದದರಿಂದ ಇದು ನಮಗೆ ನ್ಯಾಯವೆಂದು ತೋರುವದಿಲ್ಲ. ಆದರೂ ಮೀಸಲಾತಿಯ ಪತ್ರ ಬೇರೆ, ಪ್ರಜೆಯ ಹಕ್ಕು ಬೇರೆ. ಮತಹಾಕುವ ಹಕ್ಕು, ಭೂಮಿಯ ಪಟ್ಟೆ, ಪಂಚಾಯಿತಿಗೆ ನಿಲ್ಲುವ ಹಕ್ಕು, ಇವು ಯಾವವೂ ದೀಕ್ಷಾಸ್ನಾನದ ನೀರಿನಲ್ಲಿ ಕೊಚ್ಚಿಹೋಗುವದಿಲ್ಲ.

ಹಕ್ಕುಂಟೆಂದು ಹೇಳಿದರೆ ಸಾಲದು, ತೋರಿಸಲೂ ಬೇಕಾಗುತ್ತದೆ. ಸಭೆಯ ಪುಸ್ತಕವು ದೀಕ್ಷಾಸ್ನಾನದ ದಿನವನ್ನು ತೋರಿಸುವದು; ಜನನದ ಲೆಕ್ಕವು ಸರ್ಕಾರದ ಪುಸ್ತಕದಲ್ಲಿ ಇರಬೇಕು. ಮಗು ಹುಟ್ಟಿದ 21 ದಿನಗಳೊಳಗೆ ಅಲ್ಲಿ ಬರೆಯಿಸಿರಿ. ವರುಷ ಕಳೆದರೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿ ಅಲೆಯುವಿರಿ. 2023ನೇ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗಂತೂ ಶಾಲೆಗೂ ಮತದಾರರ ಪಟ್ಟಿಗೂ ಜನನಪತ್ರವೇ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಆಧಾರವಾಗಿದೆ. ನಮ್ಮ ಮನೆಗಳಲ್ಲಿ ಒಂದು ತೊಡಕು ವಿಶೇಷವಾಗಿ ಕಾಣುತ್ತದೆ. ಶಾಲೆಯಲ್ಲಿ ಮಾರಪ್ಪ, ಸಭೆಯಲ್ಲಿ ಯೋಹಾನ. ಒಂದೇ ಹುಡುಗನಿಗೆ ಎರಡು ಪತ್ರ. ಕಛೇರಿಯ ಗುಮಾಸ್ತನಿಗೆ ಇವರು ಇಬ್ಬರು ಮನುಷ್ಯರು. ಮಾರಪ್ಪನೆಂಬ ಹೆಸರಿನಲ್ಲಿ ಪಾಪವಿಲ್ಲ. ಪೌಲನೆಂಬದೇ ರೋಮಾಯರ ಹೆಸರು.

ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ, ಹೊರಗಿನವರಾಗಿದ್ದವರು ಈಗ ದೇವರ ಮನೆಯವರಾದರೆಂದು ಅಪೊಸ್ತಲನು ಬರೆಯುತ್ತಾನೆ. ಆ ಪಟ್ಟಣದ ಕಾಯಿದೆಯಲ್ಲಿ ಹುಟ್ಟು ದೊಡ್ಡದು. ಈ ಮನೆಯಲ್ಲಿ ಪೌಲನೂ ಹಣಕ್ಕೆ ಕೊಂಡವನೂ ಬಿಡುಗಡೆಯಾದ ದಾಸನೂ ಒಂದೇ ಬಾಗಲಿನಿಂದ ಬರಬೇಕು. ಹಾಗಿರಲಾಗಿ, ಕರ್ತನ ಭೋಜನಕ್ಕೆ ಬಂದ ಹೊಸಬನ ಪಾತ್ರೆಯನ್ನು ತುಟಿಗೆ ತಾಕಿಸುವ ಮುನ್ನ, ಇವನು ಯಾವ ಕೇರಿಯವನೆಂದು ಪಕ್ಕದವನ ಕಿವಿಯಲ್ಲಿ ಕೇಳುವವರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆ. ದೇಶದ ಕಾಯಿದೆಯು ಪ್ರಜೆಯನ್ನು ಬರೆಯಿಸಿಕೊಳ್ಳುವಾಗ ಕೇಳದ ಪ್ರಶ್ನೆ ಅದು.