ಬಿಚ್ಚಿದವರು ಯಾರು?

ಒಂದು ಯಂತ್ರವನ್ನು ನಾವೇ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮತ್ತೆ ಜೋಡಿಸುತ್ತೇವೆ. ಆಮೇಲೆ ಅದು ಮೊದಲಿನಂತೆ ನಡೆಯುವುದಿಲ್ಲ. ಆಗ ಯಾರನ್ನು ಮೊದಲು ಅನುಮಾನಿಸಬೇಕು? ಯಂತ್ರವನ್ನೋ, ಬಿಡಿಭಾಗ ಮಾರಿದ ಅಂಗಡಿಯವನನ್ನೋ, ನಮ್ಮ ಕೈಯನ್ನೋ? ಪ್ರಶ್ನೆ ಸಣ್ಣದು. ಆದರೆ ಪರ ಊರಿನಲ್ಲಿ ಮೂವತ್ತು ವರ್ಷ ಕಳೆದ ನನಗೆ, ಮನುಷ್ಯನ ನಡತೆಯ ಲೆಕ್ಕವೆಲ್ಲ ಇದರೊಳಗೇ ಇದೆ ಅನ್ನಿಸುತ್ತದೆ.

ಮುಂಬಯಿಯ ಜುಹು ಚೌಪಾಟಿಯಲ್ಲಿ ಸಂಜೆಯಾದರೆ ಬಲೂನಿಗೆ ಗುರಿಯಿಟ್ಟು ಹೊಡೆಯುವ ಆಟ ನಡೆಯುತ್ತದೆ. ನಮ್ಮ ಕಡೆಯ ಜಾತ್ರೆಗಳಲ್ಲಿ ನೀವೂ ನೋಡಿರುತ್ತೀರಿ. ಹಾಗೆ ಆಟ ನಡೆಸುವವರಲ್ಲಿ ವಿಜಯಪುರದ ಕಡೆಯ ಹುಡುಗನೊಬ್ಬನಿದ್ದಾನೆ. ನಾನು ಗದಗದವನೆಂದು ತಿಳಿದ ದಿನದಿಂದ ನಾನು ಅವನಿಗೆ ಕಾಕಾ, ಅವನು ನನಗೆ ತಮ್ಮಾ. ಅವನ ಬಳಿ ಎರಡು ಏರ್‌ಗನ್ನುಗಳು. ಅವೇ ಅವನ ಬಂಡವಾಳ.

ಈ ಬಂದೂಕಿನಲ್ಲಿ ಮದ್ದಿಲ್ಲ. ನಳಿಕೆಯನ್ನು ಕೆಳಗೆ ಬಾಗಿಸಿದರೆ ಒಳಗಿನ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗನ್ನು ಅದುಮುತ್ತದೆ, ಒಂದು ಕೊಕ್ಕೆ ಅದನ್ನು ಹಿಡಿದುಕೊಳ್ಳುತ್ತದೆ. ಕುದುರೆ ಎಳೆದಾಗ ಕೊಕ್ಕೆ ಬಿಡುತ್ತದೆ, ಪಿಸ್ಟನ್ ಮುಂದೆ ನುಗ್ಗುತ್ತದೆ, ಅದುಮಿದ ಗಾಳಿ 4.5 ಮಿ.ಮೀ. ಸೀಸದ ಗುಂಡನ್ನು ತಳ್ಳುತ್ತದೆ. ಪಿಸ್ಟನ್ನಿನ ತುದಿಯಲ್ಲಿ ಗಾಳಿ ಸೋರದಂತೆ ಒಂದು ಚರ್ಮದ ವಾಷರ್. ಇಷ್ಟೇ. ಆದರೆ ಸಮುದ್ರದ ದಂಡೆಯ ಮರಳು, ಉಪ್ಪುಗಾಳಿ ಒಳಗೆ ಹೊಕ್ಕರೆ ಇಷ್ಟೂ ಕೆಡುತ್ತದೆ.

ಒಂದು ಬಂದೂಕಿನ ಹೊಡೆತ ಸೋತಿತ್ತು. ಹುಡುಗ ತಾನೇ ಬಿಚ್ಚಿದ. ಹಳೇ ಗ್ರೀಸು ತೆಗೆದ, ಹೊಸ ವಾಷರ್ ಹಾಕಿದ, ಕೈ ಮುಟ್ಟಿದ್ದೇ ಇದೆಯೆಂದು ಹೊಸ ಸ್ಪ್ರಿಂಗನ್ನೂ ಹಾಕಿ ಮುಚ್ಚಿದ. ಮೊದಲ ನಾಲ್ಕೈದು ಹೊಡೆತಕ್ಕೆ ಢಂ ಎಂಬ ದೊಡ್ಡ ಸದ್ದು, ಹೊಗೆ. ಒಳಗೆ ಎಣ್ಣೆ ಹೆಚ್ಚಾದರೆ ಗಾಳಿ ಅದುಮಿದ ಕಾವಿಗೆ ಅದು ಉರಿಯುತ್ತದೆ. ಡೀಸೆಲ್ ಇಂಜಿನ್ನಿನ ತತ್ವವೇ ಅದು. ಎಣ್ಣೆ ಒರೆಸಿದ ಮೇಲೆ ಹೊಗೆ ನಿಂತಿತು. ಆದರೆ ಇನ್ನೊಂದು ದೋಷ ಉಳಿಯಿತು.

"ಹತ್ತರಾಗ ಒಂದ್ಸಲ ಕುದುರಿ ಮುಟ್ಟದನ ತಾನ ಬಿಡ್ತದರಿ ಕಾಕಾ. ಸ್ಪ್ರಿಂಗ್ ಕೊಟ್ಟಾಂವ ಮೋಸ ಮಾಡ್ಯಾನ."

ಇದು ಆಟದ ಮಾತಲ್ಲ. ನಳಿಕೆ ಬಾಗಿಸಿ ಗುಂಡು ಇಡುವಾಗ ಕೊಕ್ಕೆ ಜಾರಿದರೆ ನಳಿಕೆ ಪಟ್ಟನೆ ಮೇಲೇಳುತ್ತದೆ, ನಡುವೆ ಸಿಕ್ಕ ಬೆರಳು ಹೋಗಬಹುದು. ಗುಂಡು ಇಡುವುದು ಅವನ ಹದಿನೇಳರ ತಮ್ಮ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ ದಿನದ ಲೆಕ್ಕ ಕೂಡದಿದ್ದರೆ ನಾವು ಹತ್ತು ವರ್ಷದ ಪುಸ್ತಕ ತೆಗೆಯುತ್ತಿರಲಿಲ್ಲ. ನಿನ್ನೆ ಸರಿ ಇತ್ತು, ಇವತ್ತು ಇಲ್ಲ, ಹಾಗಾದರೆ ಇವತ್ತು ಬರೆದದ್ದನ್ನು ನೋಡು. ವ್ಯತ್ಯಾಸವೂ ಸುಳಿವು ಕೊಡುತ್ತದೆ. 540ರ ಬದಲು 450 ಬರೆದರೆ ವ್ಯತ್ಯಾಸ 90. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ಎಂದು ಮೊದಲು ಹುಡುಕುತ್ತಿದ್ದೆವು. ನಾನು ಹುಡುಗನಿಗೆ ಇಷ್ಟೇ ಕೇಳಿದೆ: "ತಮ್ಮಾ, ನೀ ಏನೇನು ಬದಲು ಮಾಡಿದಿ?"

ಹಳೇ ಸ್ಪ್ರಿಂಗನ್ನು ಅವನು ಎಸೆದಿರಲಿಲ್ಲ. ಪಕ್ಕದಲ್ಲಿಟ್ಟರೆ ಹೊಸದು ಎರಡು ಸುತ್ತು ಹೆಚ್ಚು. ಅಷ್ಟೂ ಅದುಮಿಕೊಂಡ ಮೇಲೆ ಪಿಸ್ಟನ್ನಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಕೊಕ್ಕೆ ಪೂರ್ತಿ ಕೂಡದೆ ಅಂಚಿಗಷ್ಟೇ ಹಿಡಿಯುತ್ತಿತ್ತು. ಹಳೇ ಸ್ಪ್ರಿಂಗನ್ನೇ ವಾಪಸ್ ಹಾಕಿದ. ಕೊಕ್ಕೆ ಪ್ರತಿ ಸಲ ಕೂಡಿತು, ಹೊಡೆತವೂ ಜೋರಾಗಿತ್ತು. ಅಂದರೆ ಸ್ಪ್ರಿಂಗು ಕೆಟ್ಟೇ ಇರಲಿಲ್ಲ, ಸವೆದದ್ದು ವಾಷರ್ ಮಾತ್ರ. ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ರೋಗ ಯಾವುದು, ಮದ್ದು ಯಾವುದು ತಿಳಿಯದೆ ಹೋಗಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುವುದು ಸುಲಭ. ಆದರೆ ನನಗೆ ಮುಖ್ಯವಾದದ್ದು ಈ ನಡುವಿನ ಒಂದು ದಿನ. ದೋಷ ಗೊತ್ತಾಗಿ, ಕಾರಣ ಗೊತ್ತಾಗದೆ ಇದ್ದ ಆ ದಿನ ಭಾನುವಾರ. ದಂಡೆಯಲ್ಲಿ ಕಾಲಿಡಲು ಜಾಗವಿಲ್ಲ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುವ ಬಂದೂಕು. ಅವನು ಅದನ್ನು ಗೋಣಿಚೀಲದಲ್ಲಿ ಕಟ್ಟಿಟ್ಟು ಒಂದರಲ್ಲೇ ಆಟ ನಡೆಸಿದ. ಅರ್ಧ ಗಳಿಕೆ ಹೋಯಿತು. ಪಿಂಚಣಿ ಬರುವ ನನ್ನಂಥವರಿಗೆ "ಸರಿ ಮಾಡಿದ" ಅನ್ನಲು ಖರ್ಚೇನೂ ಇಲ್ಲ. ಜಾಗದ ಹಣ, ಖೋಲಿಯ ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲ ಅದರಲ್ಲೇ ಹುಟ್ಟಬೇಕಾದವನಿಗೆ ಖರ್ಚಿದೆ. ಅವನು ಅವತ್ತು ಆಟ ನಡೆಸಿದ್ದರೆ ನಾನು ಬಯ್ಯುತ್ತಿದ್ದೆನೋ ಏನೋ, ಬಯ್ಯುವ ಅಧಿಕಾರ ಮಾತ್ರ ನನಗೆ ಅರ್ಧವೇ ಇರುತ್ತಿತ್ತು.

ಊರಿನಲ್ಲಿ ಬಡಿಗ, ಕಮ್ಮಾರ ಮಾಡಿದ ಕೆಲಸ ಕೆಟ್ಟರೆ ಇಂಥವರ ಮಗ ಮಾಡಿದ್ದು ಎಂದು ಸಂತೆಯಲ್ಲಿ ಮಾತಾಗುತ್ತದೆ. ಆ ಮಾತಿನ ಹೆದರಿಕೆಯೇ ಅರ್ಧ ಪ್ರಾಮಾಣಿಕತೆ. ಮುಂಬಯಿಯಲ್ಲಿ ಬಲೂನು ಹೊಡೆದವನು ಲೋಕಲ್ ಹತ್ತಿ ಹೋದರೆ ಮತ್ತೆ ಸಿಗುವುದಿಲ್ಲ. ಯಾರು ಬಿಚ್ಚಿದರು, ಯಾರು ಮುಚ್ಚಿದರು ಎಂದು ಕೇಳುವವರಿಲ್ಲ. ಪರ ಊರು ಕೊಡುವ ದೊಡ್ಡ ಸ್ವಾತಂತ್ರ್ಯವೂ ಇದೇ, ದೊಡ್ಡ ಪರೀಕ್ಷೆಯೂ ಇದೇ. ಇಲ್ಲಿ ತನ್ನ ಕೆಲಸವನ್ನು ತಾನೇ ತಪಾಸಣೆ ಮಾಡಿಕೊಳ್ಳಬೇಕು.

ಹಳೇ ಸ್ಪ್ರಿಂಗು ಹಾಕಿದ ಮೇಲೂ ಅವನು ಮರಳಿನ ಚೀಲಕ್ಕೆ ಐವತ್ತು ಸಲ ಹೊಡೆದು ನೋಡಿ, ಆಮೇಲೆ ತಮ್ಮನ ಕೈಗೆ ಕೊಟ್ಟ. ಕೊಡುವಾಗ ಹೇಳಿದ: "ಇದನ್ನ ನಾ ಬಿಚ್ಚೀನಿ. ನಳಿಗಿ ಗಟ್ಟಿ ಹಿಡದ ಗುಂಡು ಇಡು."

ಬಿಚ್ಚುವುದು ತಪ್ಪಲ್ಲ, ಬಿಚ್ಚದೆ ಯಾರೂ ಕಲಿಯುವುದಿಲ್ಲ. ಆದರೆ ಬಿಚ್ಚಿದ ಮೇಲೆ ಎರಡು ಸಾಲ ಹುಟ್ಟುತ್ತವೆ. ಮೊದಲ ಅನುಮಾನ ತನ್ನ ಕೈಯ ಮೇಲೆ ಇಡುವುದು ಒಂದು. ಮುಂದೆ ಅದನ್ನು ಹಿಡಿಯುವವನಿಗೆ "ನಾನು ಬಿಚ್ಚಿದ್ದೇನೆ" ಎಂದು ಹೇಳುವುದು ಇನ್ನೊಂದು. ಎರಡಕ್ಕೂ ವಸೂಲಿಗೆ ಯಾರೂ ಬರುವುದಿಲ್ಲ. ಮೂವತ್ತು ವರ್ಷ ಸಾಲದ ಕಡತ ನೋಡಿದವನ ಮಾತು ಇದು: ಯಾರೂ ಕೇಳದ ಸಾಲವನ್ನು ತೀರಿಸುವವನನ್ನೇ ನಂಬಬೇಕು.